ರಾಚ್‌ಡೇಲಿನ ಎರಡು ಅಂಗಡಿಗಳು

ಸಣ್ಣ ವ್ಯಾಪಾರವೊಂದು ಮುಳುಗಿದರೆ, ಬಂಡವಾಳ ಸಾಲದೆ ಹೋಯಿತೆಂದು ಹೇಳುವುದು ಲೋಕರೂಢಿ. ಆದರೆ ಕೊರತೆಯು ಹಣದ್ದಾಗಿರದೆ ಕಟ್ಟುಪಾಡಿನದಾಗಿರುವುದೂ ಉಂಟು. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ನೇಕಾರರ ಪಟ್ಟಣದ ವೃತ್ತಾಂತವು ಇದಕ್ಕೆ ನಿದರ್ಶನವಾಗಿದೆ.

ಆ ಊರಿನ ಕೂಲಿಕಾರರು 1833ರಲ್ಲಿ ಕೂಡಿ ಒಂದು ಅಂಗಡಿಯನ್ನು ತೆರೆದರು. ಬೇಡಿದವರಿಗೆಲ್ಲ ಸರಕನ್ನು ಕಡ ಕೊಟ್ಟರು. ಬಾಕಿಯು ಬೆಳೆಯಿತು, ಎರಡೇ ವರ್ಷಗಳಲ್ಲಿ ಅಂಗಡಿಯು ಮುಚ್ಚಿತು.

ಮುಂದೆ 1844ನೆಯ ಡಿಸೆಂಬರ್ 21ರಂದು ಅದೇ ಊರಿನಲ್ಲಿ, ಅಂತಹುದೇ ಬಡವರು, 28 ಪೌಂಡುಗಳನ್ನು ಕೂಡಿಸಿ ಮತ್ತೊಂದು ಅಂಗಡಿಯನ್ನು ಹೂಡಿದರು. ಬೆಣ್ಣೆ, ಸಕ್ಕರೆ, ಹಿಟ್ಟು, ಮೋಂಬತ್ತಿ ಇವೇ ಅಲ್ಲಿನ ಸರಕು. ಆದರೆ ಈ ಸಲ ನಿಯಮಗಳು ಮೊದಲು ಹುಟ್ಟಿದವು. ಕೊಳ್ಳುವುದೂ ಮಾರುವುದೂ ರೊಕ್ಕಕ್ಕೇ. ಈ ನಿಯಮವನ್ನು ಮೀರಿದ ಅಧಿಕಾರಿಗೆ ಹತ್ತು ಶಿಲ್ಲಿಂಗ್ ದಂಡ ಮತ್ತು ಪದಚ್ಯುತಿ. ಪಾಲಿನ ಹಣ ಎಷ್ಟಿದ್ದರೂ ಒಬ್ಬನಿಗೆ ಒಂದೇ ಮತ. ಮೂರು ತಿಂಗಳಿಗೊಮ್ಮೆ ಲೆಕ್ಕವು ಸಭೆಯ ಮುಂದೆ ಬರತಕ್ಕದ್ದು. ಲಾಭವನ್ನು ಕೊಂಡವರಿಗೆ ಕೊಂಡಷ್ಟಕ್ಕೆ ತಕ್ಕಂತೆ ಹಂಚತಕ್ಕದ್ದು.

ಹಸಿದ ನೆರೆಯವನಿಗೆ ಕಡವಿಲ್ಲವೆನ್ನುವುದು ನಿರ್ದಯೆಯಲ್ಲವೇ ಎಂದು ವಾಚಕರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ಆದರೆ ಮೊದಲನೆಯ ಅಂಗಡಿಯಲ್ಲಿ ಒಬ್ಬ ಬಡವನ ಬಾಕಿಯನ್ನು ತೆತ್ತವರು ಉಳಿದ ಬಡವರೇ ಅಲ್ಲವೇ? ಇಲ್ಲಿ ದಂಡವನ್ನು ಗಿರಾಕಿಗೆ ವಿಧಿಸದೆ ಅಧಿಕಾರಿಗೆ ವಿಧಿಸಿದುದೇ ಮರ್ಮ. ದಾಕ್ಷಿಣ್ಯವು ಕೊಡುವವನಲ್ಲಿ ಹುಟ್ಟತಕ್ಕದ್ದಾದುದರಿಂದ ಕಟ್ಟೂ ಅವನಿಗೇ ಬಿದ್ದಿತು.

ಆ ಊರಿನ ಉಳಿತಾಯದ ಬ್ಯಾಂಕಿನಲ್ಲಿ ಇದಕ್ಕೆ ವಿಪರೀತವಾದುದು ನಡೆದಿತ್ತು. ಅದನ್ನು ನಡೆಸುತ್ತಿದ್ದವನು ಬಹು ಗೌರವಸ್ಥನೆನಿಸಿದ್ದನು. ಆದಕಾರಣ ಧರ್ಮದರ್ಶಿಗಳು ಲೆಕ್ಕವನ್ನು ತೆಗೆದು ನೋಡಲಿಲ್ಲ. 1849ರಲ್ಲಿ ಅವನು ತೀರಿಕೊಂಡ ಮೇಲೆ 70 ಸಾವಿರ ಪೌಂಡಿಗೂ ಮಿಕ್ಕ ಹಣವು ಕಾಣೆಯಾಗಿರುವುದು ಬಯಲಾಯಿತು. ಅಧಿಕಾರಿಗಳು ಧನವನ್ನಪಹರಿಸುವ 40 ಬಗೆಗಳನ್ನು ನಮ್ಮ ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಎಣಿಸಿರುವುದು ನಿಷ್ಕಾರಣವಲ್ಲ. ಜನರು ನಂಬಿಕೆಯನ್ನು ನೇಕಾರರ ಅಂಗಡಿಯ ಕಡೆಗೆ ತಿರುಗಿಸಿದರು. 1848ರಲ್ಲಿ 140 ಇದ್ದ ಸದಸ್ಯರು 1850ಕ್ಕೆ 600 ಆದರು, 1860ಕ್ಕೆ 3,450.

ನಮ್ಮಲ್ಲಿ 1904ರ ಸಹಕಾರ ಶಾಸನದ ಮರುವರ್ಷವೇ ಗದಗಿನ ಸಮೀಪದ ಕಣಗಿನಹಾಳದಲ್ಲಿ ರೈತರ ಸಂಘವು ಸ್ಥಾಪಿತವಾಯಿತು. ಅದು ಸಾಲ ಕೊಡುವ ಸಂಘ, ರಾಚ್‌ಡೇಲಿನದು ಸಾಲ ಕೊಡದ ಅಂಗಡಿ, ರೂಪ ಬೇರೆ. ಆದರೆ ಸದಸ್ಯರೇ ಒಡೆಯರಾದೆಡೆಯಲ್ಲಿ ಲೆಕ್ಕ ನೋಡುವ ಹೊಣೆಯೂ ಸದಸ್ಯರದೇ ಎಂಬ ಮಾತು ಎರಡಕ್ಕೂ ಸಮಾನ.

ಆದುದರಿಂದ ವಾರ್ಷಿಕ ಸಭೆಯ ಕರೆ ಬಂದಾಗ, ನಡೆಸುವವರು ಸಜ್ಜನರೆಂದು ಮನೆಯಲ್ಲಿ ಕುಳಿತುಕೊಳ್ಳಬಾರದು. ಸಜ್ಜನನಿಗೆ ಲೆಕ್ಕ ಕೇಳುವುದು ಅವಮಾನವಲ್ಲ. ಅವನ ಸೌಜನ್ಯಕ್ಕೆ ಅದೇ ರಕ್ಷೆ.