ಜಗಲಿಯ ರೇಡಿಯೋದಿಂದ ಅಂಗೈಯ ಮೊಬೈಲಿನವರೆಗೆ

ಶಾಲೆಯ ಐವತ್ತು ವರ್ಷಗಳ ಚರಿತ್ರೆಯನ್ನು ಕಟ್ಟಡ, ಅಧ್ಯಾಪಕರು, ಪರೀಕ್ಷಾ ಫಲಿತಾಂಶಗಳ ಮೂಲಕ ಹೇಳುವುದು ವಾಡಿಕೆ. ಅದನ್ನು ಬಲ್ಲವರು ಈ ಸಂಚಿಕೆಯಲ್ಲಿ ಬರೆದಿರುತ್ತಾರೆ. ಅದೇ ಅವಧಿಯಲ್ಲಿ ಬೆಟ್ಟಂಪಾಡಿ ಮತ್ತು ಆಸುಪಾಸಿನ ಮನೆಗಳಿಗೆ ಒಂದೊಂದಾಗಿ ಬಂದ ಸಾಧನಗಳು ನಮ್ಮ ದಿನಚರಿಯನ್ನು ಹೇಗೆ ಬದಲಿಸಿದವು ಎಂಬುದನ್ನು ನಾನು ಇಲ್ಲಿ ದಾಖಲಿಸುತ್ತಿದ್ದೇನೆ. ಇದೂ ನಮ್ಮೂರಿನ ಚರಿತ್ರೆಯೇ.

ನನ್ನ ನೆನಪಿನಲ್ಲಿ ಮೊದಲು ಬಂದದ್ದು ರೇಡಿಯೋ. ನಮ್ಮ ಮನೆಯಲ್ಲಿ ಆಗ ಕರೆಂಟು ಇರಲಿಲ್ಲ, ಓದೆಲ್ಲ ಚಿಮಿಣಿ ದೀಪದ ಬುಡದಲ್ಲಿ. ಸೆಲ್ ಹಾಕುವ ಟ್ರಾನ್ಸಿಸ್ಟರಿಗೆ ಕರೆಂಟಿನ ಹಂಗಿಲ್ಲ. ಆದರೆ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು, ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಅದನ್ನು ನವೀಕರಿಸಬೇಕಿತ್ತು. 1976ರ ಡಿಸೆಂಬರಿನಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದಾಗ ನಾನು ಹೈಸ್ಕೂಲು ಹುಡುಗ. ಅಲ್ಲಿಯ ತನಕ ಧಾರವಾಡ, ಭದ್ರಾವತಿ ಕೇಂದ್ರಗಳನ್ನು ಹುಡುಕುತ್ತಿದ್ದ ಮುಳ್ಳು ಈಗ ನಮ್ಮ ಜಿಲ್ಲೆಯ ಧ್ವನಿಗೆ ಬಂದು ನಿಂತಿತು. ತುಳು ಹಾಡು, ತಾಳಮದ್ದಳೆ, ಕೃಷಿಕರಿಗೆ ಸಲಹೆ ಎಲ್ಲ ಜಗಲಿಗೇ ಬಂದವು. ತಾಳಮದ್ದಳೆ ಇದ್ದ ರಾತ್ರಿ ನೆರೆಕರೆಯವರು ಬಂದು ಕುಳಿತು, ಮುಗಿದ ಮೇಲೆ ಸೂಟೆ ಬೀಸಿಕೊಂಡು ಗುಡ್ಡ ಹತ್ತುತ್ತಿದ್ದರು. ಸೆಲ್ ಸೋತರೆ ಮರುದಿನ ಅಂಗಳದ ಬಿಸಿಲಿಗೆ ಇಡುವುದು ನನ್ನ ಕೆಲಸ.

ಈ ನೆನಪು ಸವಿಯಾದದ್ದು ಹೌದು. ಆದರೆ ಚರಿತ್ರೆ ಬರೆಯುವಾಗ ಅರ್ಧ ಮಾತ್ರ ಹೇಳಬಾರದು. ಅಂದಿನ ಜಗಲಿಯಲ್ಲಿ ಎಲ್ಲರಿಗೂ ಒಂದೇ ಸ್ಥಾನ ಇರಲಿಲ್ಲ. ಕೆಲವರಿಗೆ ಚಾಪೆ, ಕೆಲವರಿಗೆ ಮೆಟ್ಟಿಲು, ಇನ್ನು ಕೆಲವರು ಅಂಗಳದಲ್ಲೇ ನಿಂತು ಕೇಳಬೇಕಿತ್ತು. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ‘ರಾಮಾಯಣ’ ಆರಂಭವಾದಾಗಲೂ ಹಾಗೆಯೇ. ಭಾನುವಾರ ಬೆಳಿಗ್ಗೆ ಟಿವಿ ಇದ್ದ ಮನೆ ತುಂಬುತ್ತಿತ್ತು. ಒಬ್ಬ ಮಾಡಿಗೆ ಹತ್ತಿ ಆಂಟೆನಾ ತಿರುಗಿಸುತ್ತಿದ್ದ, ಇನ್ನೊಬ್ಬ ಕೆಳಗಿನಿಂದ “ಬಂತು, ಹೋಯಿತು” ಎಂದು ಕೂಗುತ್ತಿದ್ದ. ತೋಟದ ಕೆಲಸದವರ ಮಕ್ಕಳು ನೋಡುತ್ತಿದ್ದದ್ದು ಮಾತ್ರ ಕಿಟಕಿಯ ಸರಳುಗಳ ಹೊರಗಿನಿಂದ. ಅವರಲ್ಲಿ ನನ್ನ ಸಹಪಾಠಿಯ ತಮ್ಮನೂ ಇದ್ದ. ಒಳಗೆ ಬಾ ಎಂದು ಅವನನ್ನು ಕರೆಯಬೇಕೆಂದು ಅಂದು ನನಗೆ ತೋಚಲಿಲ್ಲ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಟೆಲಿಫೋನಿನ ಕಥೆ ಸ್ವಲ್ಪ ಬೇರೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗಾಗಿ ಸಣ್ಣ ವಿನಿಮಯ ಕೇಂದ್ರವನ್ನು ರೂಪಿಸಿತು. ಸೆಖೆ, ಧೂಳು ತಾಳಿಕೊಳ್ಳುವ, ಹವಾನಿಯಂತ್ರಣ ಬೇಡದ ಯಂತ್ರ ಅದು. ಅದರ ಮೊದಲ ಕೇಂದ್ರ 1986ರ ಜುಲೈಯಲ್ಲಿ ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ ಆರಂಭವಾಯಿತು. ಹೀಗೆ ಹಳ್ಳಿ ಹಳ್ಳಿಗೆ ಫೋನು ಹಬ್ಬಿದ ಮೇಲೆ ಎಸ್‌ಟಿಡಿ ಬೂತುಗಳು ತೆರೆದುಕೊಂಡವು. ದರ ಇಳಿಯುವ ರಾತ್ರಿಯ ಹೊತ್ತಿಗೆ ಕಾದು ಮುಂಬೈಯ ಹೋಟೆಲುಗಳಲ್ಲಿ, ಗಲ್ಫ್‌ನಲ್ಲಿ ದುಡಿಯುವ ಮಕ್ಕಳ ಜೊತೆ ಮಾತನಾಡುತ್ತಿದ್ದೆವು. ಬೂತಿನಲ್ಲಿ ಜಾತಿ ಕೇಳುವವರಿಲ್ಲ, ದುಡ್ಡು ಕೊಟ್ಟವರಿಗೆ ಮಾತು. ಆದರೆ ಗುಟ್ಟು ಉಳಿಯುತ್ತಿರಲಿಲ್ಲ, ಸರದಿಯಲ್ಲಿ ನಿಂತವರಿಗೆಲ್ಲ ಮನೆಯ ಸುದ್ದಿ ತಿಳಿಯುತ್ತಿತ್ತು.

ಭಾರತದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ನಡೆಯಿತು. ಆರಂಭದಲ್ಲಿ ಬಂದ ಕರೆಗೂ ಹಣ ಕೊಡಬೇಕಿತ್ತು. 2003ರಲ್ಲಿ ಅದು ನಿಂತ ಮೇಲೆಯೇ ಮೊಬೈಲು ಕೂಲಿ ಮಾಡುವವರ ಜೇಬಿಗೂ ಬಂತು. ಅಡಿಕೆ ಕೊಯ್ಯುವವರನ್ನು ಹುಡುಕಿಕೊಂಡು ಮನೆ ಮನೆ ಅಲೆಯುವುದು ತಪ್ಪಿತು. ಯಾವ ದಿನ ಯಾರ ತೋಟಕ್ಕೆ, ಎಷ್ಟು ಮಜೂರಿಗೆ ಎಂದು ಅವರೂ ಮಾತನಾಡಿ ನಿರ್ಧರಿಸತೊಡಗಿದರು. ಕಿಟಕಿಯ ಹೊರಗೆ ನಿಂತವನ ಕೈಗೆ ಅವನದೇ ಒಂದು ಕಿಟಕಿ ಬಂತು. ಜಗಲಿ ಖಾಲಿಯಾಯಿತೆಂದು ಕೊರಗುವ ನಮ್ಮ ವಯಸ್ಸಿನವರು ಇದನ್ನು ಮರೆಯಬಾರದು.

ಆದರೂ ಹೊರಗೆ ನಿಲ್ಲುವವರು ಇಲ್ಲವಾಗಲಿಲ್ಲ. ಕೊರೋನಾದಿಂದ ಶಾಲೆ ಮುಚ್ಚಿದ 2020ರಲ್ಲಿ ಇದು ಕಣ್ಣಿಗೆ ಕಟ್ಟಿತು. ಜುಲೈ 20ರಿಂದ ಚಂದನ ವಾಹಿನಿಯಲ್ಲಿ ಪ್ರೌಢಶಾಲಾ ಪಾಠಗಳು ಬಂದವು. ವಿದ್ಯಾಗಮ ಯೋಜನೆಯಲ್ಲಿ ಅಧ್ಯಾಪಕರು ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸಿದರು. ಆನ್‌ಲೈನ್ ತರಗತಿಗೆ ಮಾತ್ರ ನೆಟ್‌ವರ್ಕ್ ಬೇಕು. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಬಳಿಯ ಬಳ್ಳಕದಲ್ಲಿ ಹುಡುಗಿಯೊಬ್ಬಳು ರಸ್ತೆ ಬದಿ ಕುಳಿತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಳು, ಸುರಿಯುವ ಮಳೆಯಲ್ಲಿ ಅಪ್ಪ ಕೊಡೆ ಹಿಡಿದು ನಿಂತಿದ್ದರು. ಆ ಚಿತ್ರವನ್ನು ದೇಶವೇ ನೋಡಿತು. ಚಿಮಿಣಿ ದೀಪದಲ್ಲಿ ಓದಿದ ನನಗೆ ಅದು ಹೊಸ ಚಿತ್ರ ಎನಿಸಲಿಲ್ಲ.

ಈಗ ಮಾತು ಕೇಳಿ ಉತ್ತರಿಸುವ ಯಂತ್ರಗಳ ಕಾಲ. 2024ರ ಜೂನ್‌ನಲ್ಲಿ ಗೂಗಲ್ ತನ್ನ ಅನುವಾದ ಸೇವೆಗೆ ಸೇರಿಸಿದ 110 ಭಾಷೆಗಳಲ್ಲಿ ನಮ್ಮ ತುಳುವೂ ಇದೆ. ಅಕ್ಷರ ಬಾರದ ಅಜ್ಜಿಯೊಬ್ಬರು ಪಿಂಚಣಿ ಬಂತೇ ಎಂದು ತಮ್ಮ ಮಾತಿನಲ್ಲೇ ಫೋನನ್ನು ಕೇಳುವ ದಿನ ದೂರವಿಲ್ಲ. ಅದೇ ಫೋನಿನಲ್ಲಿ ಮೋಸಗಾರನೂ ನಯವಾಗಿ ಮಾತನಾಡುತ್ತಾನೆ. ಮೊನ್ನೆ ಬ್ಯಾಂಕಿನವರೆಂದು ಹೇಳಿಕೊಂಡು ಒಬ್ಬ ಕರೆ ಮಾಡಿದಾಗ ನಾನು ಓಟಿಪಿ ಓದಿ ಹೇಳುವುದರಲ್ಲಿದ್ದೆ. ಎಂಟನೇ ತರಗತಿಯ ಮೊಮ್ಮಗಳು, “ಅಜ್ಜ, ಹೇಳಬೇಡಿ” ಎಂದು ಫೋನು ಕಸಿದುಕೊಂಡಳು. ನಲುವತ್ತು ವರ್ಷ ಲೆಕ್ಕಪತ್ರ ನೋಡಿದ ನನ್ನ ಹಣ ಉಳಿದದ್ದು ಅವಳಿಂದ.

ಆದ್ದರಿಂದ ಹಳೆ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯಲ್ಲಿ ಒಂದು ಕೋಣೆಯನ್ನು ಸಂಜೆಯ ಹೊತ್ತು ಊರಿಗೆ ತೆರೆದಿಡೋಣ. ಎರಡು ಕಂಪ್ಯೂಟರು, ಒಳ್ಳೆಯ ಇಂಟರ್‌ನೆಟ್ ಇದ್ದರೆ ಸಾಕು. ಮನೆಯಲ್ಲಿ ನೆಟ್‌ವರ್ಕ್ ಸಿಗದ ಮಕ್ಕಳು ಅಲ್ಲಿ ಓದಲಿ, ಹಿರಿಯರು ಅವರಿಂದ ಫೋನು ಬಳಸಲು ಕಲಿಯಲಿ. ಅಲ್ಲಿ ಹಾಸುವ ಚಾಪೆ ಎಲ್ಲರಿಗೂ ಒಂದೇ ಆಗಿರಲಿ.