ಪದವಿಯ ದರ್ಜೆಯೂ ಉದ್ಯೋಗದ ಬಾಗಿಲೂ

ವಿಶ್ವವಿದ್ಯಾನಿಲಯದ ಫಲಿತಾಂಶಗಳು ಹೊರಬೀಳುವ ಕಾಲದಲ್ಲಿ ಕಾಲೇಜಿನ ಉಪಾಧ್ಯಾಯರ ಬಳಿಗೆ ಬರುವ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಎರಡನೆಯ ದರ್ಜೆ ಬಂದಿದೆ ಸಾರ್, ಇದಕ್ಕೆ ಎಲ್ಲಿಯಾದರೂ ಬೆಲೆಯುಂಟೆ?" ಥಟ್ಟನೆ ಹೇಳಿಬಿಡುವ ಉತ್ತರ ಇದಕ್ಕಿಲ್ಲ. ಕೆಲಸ ಕೊಡುವವನು ಅಂಕಪಟ್ಟಿಯನ್ನು ಕೇಳಿ ನೋಡುವ ವಾಡಿಕೆ ನಮ್ಮಲ್ಲಿ ಹಿಂದಿನಿಂದ ಬಂದದ್ದಲ್ಲ. ಅದಕ್ಕೆ ಇನ್ನೂ ಇನ್ನೂರು ವರ್ಷಗಳೂ ತುಂಬಿಲ್ಲ. ಅದು ಯಾತಕ್ಕಾಗಿ ಹುಟ್ಟಿತು, ಯಾರ ಕೈಯಲ್ಲಿ ಹೇಗೆ ಬಳಕೆಯಾಯಿತು ಎಂಬ ವಿಚಾರವನ್ನು ಈ ಹೊತ್ತು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಅದಕ್ಕೆ ಮುಂಚೆ ಉದ್ಯೋಗಕ್ಕೆ ಬೇಕಾಗಿದ್ದುದು ಪರಿಚಯ. ಊರಿನ ಶಾನುಭೋಗಿಕೆ ತಂದೆಯಿಂದ ಮಗನಿಗೆ ಬರುತ್ತಿತ್ತು. ಕಚೇರಿಯ ಗುಮಾಸ್ತೆ ತನ್ನ ಅಳಿಯನನ್ನೋ ತಮ್ಮನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಬರೆಯುವುದನ್ನು ಕಲಿಸಿ, ಒಂದು ದಿನ ಸಾಹೇಬರ ಮುಂದೆ ನಿಲ್ಲಿಸಿ ಸಲಾಮು ಮಾಡಿಸುತ್ತಿದ್ದ. ಇದನ್ನು ನಮ್ಮ ದೇಶದ ದೋಷವೆಂದು ಭಾವಿಸುವವರು ಇಂಗ್ಲಿಷರ ಮನೆಯ ಸಂಗತಿಯನ್ನೂ ಕೇಳಬೇಕು. ಈಸ್ಟ್ ಇಂಡಿಯಾ ಕಂಪೆನಿಯ ದೊಡ್ಡ ಹುದ್ದೆಗಳೆಲ್ಲ ಲಂಡನ್ನಿನ ಡೈರೆಕ್ಟರುಗಳ ಸ್ವತ್ತಿನಂತಿದ್ದವು. ಅವರು ತಮ್ಮ ಬಂಧುಬಳಗದ ಹುಡುಗರನ್ನು ಹೆಸರಿಸುವರು; ಹಾಗೆ ಹೆಸರು ಪಡೆದವರು 1806ರಲ್ಲಿ ಸ್ಥಾಪಿತವಾದ ಹೇಲಿಬರಿ ಕಾಲೇಜಿನಲ್ಲಿ ಸ್ವಲ್ಪಕಾಲ ಓದಿ ಹಡಗು ಹತ್ತುವರು. ಒಂದು ಜಿಲ್ಲೆಯ ಲಕ್ಷಾಂತರ ಜನರ ಭಾಗ್ಯ ಲಂಡನ್ನಿನ ಯಾವನೋ ಒಬ್ಬನ ಊಟದ ಮೇಜಿನ ಸ್ನೇಹವನ್ನು ಅವಲಂಬಿಸಿತ್ತು.

ಈ ಕೋಟೆಯನ್ನು ಒಡೆದದ್ದು 1853ರ ಚಾರ್ಟರ್ ಕಾಯಿದೆ. ಅದರ ಹಿಂದೆ ನಿಂತು ವಾದಿಸಿದವರಲ್ಲಿ ಮೆಕಾಲೆ ಪ್ರಮುಖ. ಆತ 1833ರಷ್ಟು ಹಿಂದೆಯೇ ಪಾರ್ಲಿಮೆಂಟಿನಲ್ಲಿ ಹೇಳಿದ ವಾದದ ಸಾರ ಇಷ್ಟು: ಓದಿದ ವಿಷಯ ಕೆಲಸಕ್ಕೆ ಒದಗಬೇಕೆಂಬ ನಿಯಮವೇನೂ ಇಲ್ಲ. ಗ್ರೀಕಿನ ಬದಲು ಅಮೆರಿಕದ ಆದಿವಾಸಿಗಳ ಚೆರೋಕಿ ಭಾಷೆಯನ್ನು ಕಲಿಸಿದರೂ ಅದರಲ್ಲಿ ಮೊದಲಿಗನಾದವನು ಕಡೆಯವನಿಗಿಂತ ಸಾಮಾನ್ಯವಾಗಿ ಮೇಲಾದ ಮನುಷ್ಯನಾಗಿಯೇ ಇರುತ್ತಾನೆ. ನಮ್ಮ ಕಾಲದ ಉದ್ಯೋಗದಾತರು ಸಂಸ್ಕೃತದಲ್ಲಿ ಮೊದಲ ದರ್ಜೆ ಪಡೆದವನನ್ನು ಬ್ಯಾಂಕಿನ ಲೆಕ್ಕಕ್ಕೆ ಕೂರಿಸುವಾಗ, ತಿಳಿದೋ ತಿಳಿಯದೆಯೋ, ಇದೇ ವಾದವನ್ನು ನಂಬಿರುತ್ತಾರೆ.

ಹೊಸ ಸ್ಪರ್ಧಾಪರೀಕ್ಷೆ ಲಂಡನ್ನಿನಲ್ಲಿ 1855ರಲ್ಲಿ ಆರಂಭವಾಯಿತು. ಅದಕ್ಕಾಗಿ ಮೆಕಾಲೆಯ ಸಮಿತಿ 1854ರಲ್ಲಿ ಸೂಚಿಸಿದ ಅಂಕಗಳ ಪಟ್ಟಿಯನ್ನು ತಾವು ಗಮನಿಸಬೇಕು. ಒಟ್ಟು ಅಂಕಗಳು 6875. ಇಂಗ್ಲಿಷ್ ಭಾಷೆ, ಸಾಹಿತ್ಯ, ಚರಿತ್ರೆಗಳಿಗೆ ಸೇರಿ 1500, ಗ್ರೀಕಿಗೆ 750, ಲ್ಯಾಟಿನ್ನಿಗೆ 750, ಸಂಸ್ಕೃತಕ್ಕೆ 375, ಅರಬ್ಬಿಗೆ 375. ಇಂಡಿಯಾವನ್ನು ಆಳುವವನಿಗೆ ಇಂಡಿಯಾದ ಎರಡು ಶಾಸ್ತ್ರಭಾಷೆಗಳು ಸೇರಿ ಒಂದು ಗ್ರೀಕಿಗೆ ಸಮ! ಡೈರೆಕ್ಟರರ ಪಕ್ಷಪಾತ ತೊಲಗಿತು, ನಿಜ. ಅಂಕ ಹಂಚಿದವರ ಪಕ್ಷಪಾತ ಉಳಿಯಿತು. ಆದರೂ ಆ ಬಾಗಿಲಿನಿಂದಲೇ 1863ರಲ್ಲಿ ಸತ್ಯೇಂದ್ರನಾಥ ಠಾಕೂರರು ತೇರ್ಗಡೆಯಾದರು. ಹೇಲಿಬರಿಯ ಕಾಲದಲ್ಲಿ ಅದು ಕನಸಿನ ಮಾತು.

ಇಂಡಿಯಾದ ಒಳಗೆ ಈ ಕಥೆ ಸ್ವಲ್ಪ ಮೊದಲೇ ಪ್ರಾರಂಭವಾಗಿತ್ತು. 1844ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್, ಇಂಗ್ಲಿಷ್ ಶಾಲೆಗಳಲ್ಲಿ ಓದಿ ಹೆಸರು ಪಡೆದವರಿಗೆ ಸರ್ಕಾರದ ಚಾಕರಿಯಲ್ಲಿ ಪ್ರಾಶಸ್ತ್ಯ ದೊರೆಯಬೇಕೆಂದು ನಿರ್ಣಯ ಹೊರಡಿಸಿದ. ಪರೀಕ್ಷೆಯ ಮಟ್ಟವನ್ನು ಸರ್ಕಾರಿ ಕಾಲೇಜುಗಳ ಪಾಠಕ್ಕೆ ಹೊಂದಿಸಿದ್ದಾರೆಂದು ಮಿಷನರಿ ಶಾಲೆಗಳವರು ಆಕ್ಷೇಪಿಸಿದರು. ಓದಿಗೂ ಚಾಕರಿಗೂ ಗಂಟು ಬಿದ್ದುದು ಮಾತ್ರ ಅಂದಿನಿಂದ.

1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಹುಟ್ಟಿದವು. ಮರುವರ್ಷ ಕಲ್ಕತ್ತೆಯ ಮೊಟ್ಟಮೊದಲ ಬಿ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದವರು ಇಬ್ಬರೇ. ಒಬ್ಬರು ಯದುನಾಥ ಬೋಸ್, ಇನ್ನೊಬ್ಬರು ಬಂಕಿಮಚಂದ್ರ ಚಟ್ಟೋಪಾಧ್ಯಾಯರು. ಅವರು ತೇರ್ಗಡೆಯಾದ ಬಗೆ ಸ್ವಾರಸ್ಯವಾದದ್ದು. ಆರು ವಿಷಯಗಳಲ್ಲಿ ಐದನ್ನು ಚೆನ್ನಾಗಿಯೇ ಮುಗಿಸಿ, ಆರನೆಯದರಲ್ಲಿ ಏಳಕ್ಕೆ ಮೀರದಷ್ಟು ಅಂಕಗಳಿಂದ ಇಬ್ಬರೂ ಹಿಂದೆ ಬಿದ್ದರು. ವಿಶ್ವವಿದ್ಯಾನಿಲಯದವರು ವಿಶೇಷ ಅನುಗ್ರಹವೆಂದು ಭಾವಿಸಿ ಅವರನ್ನು ಎರಡನೆಯ ದರ್ಜೆಯಲ್ಲಿ ಸೇರಿಸಿಕೊಂಡರು. ಉದ್ಯೋಗದಾತನಾದ ಸರ್ಕಾರ ಇದಕ್ಕೆ ಕೊಟ್ಟ ಬೆಲೆ ಏನು? ಅದೇ 1858ರಲ್ಲಿ ಬಂಕಿಮರನ್ನು ಡೆಪ್ಯುಟಿ ಮ್ಯಾಜಿಸ್ಟ್ರೇಟರನ್ನಾಗಿ ನೇಮಿಸಿತು. ಪದವೀಧರರು ಇಬ್ಬರೇ ಇರುವಾಗ ದರ್ಜೆಯನ್ನು ಕೇಳುವವರು ಯಾರು? ದರ್ಜೆಯ ಮಾತು ಏಳುವುದು ಬಾಗಿಲಲ್ಲಿ ಜನ ಸೇರಿದ ಮೇಲೆ. ಅರ್ಜಿಗಳು ಹೆಚ್ಚಿದಷ್ಟೂ, ಅರ್ಜಿದಾರರ ಪರಿಚಯ ಕಡಮೆಯಾದಷ್ಟೂ, ಅಂಕಕ್ಕೆ ಬೆಲೆ ಏರುತ್ತದೆ.

ನಮ್ಮ ಮೈಸೂರು ಸಂಸ್ಥಾನದಲ್ಲಿ ಈ ಏರಿಕೆಯನ್ನು ಮೆಟ್ಟಿಲುಮೆಟ್ಟಿಲಾಗಿ ನೋಡಬಹುದು. 1881ರಲ್ಲಿ ದಿವಾನರಾದ ರಂಗಾಚಾರ್ಲು ಅವರು ಮದರಾಸಿನ ಹೈಸ್ಕೂಲಿನಲ್ಲಿ ಪವೆಲ್ ಸಾಹೇಬರ ಶಿಷ್ಯರು. ಅವರು ಓದುವಾಗ ವಿಶ್ವವಿದ್ಯಾನಿಲಯವೇ ಹುಟ್ಟಿರಲಿಲ್ಲ. ಅವರ ತರುವಾಯ ಬಂದ ಶೇಷಾದ್ರಿ ಅಯ್ಯರ್ ಅವರು 1866ರಲ್ಲಿ ಮದರಾಸಿನ ಬಿ.ಎ. ಪದವೀಧರರು. ಇನ್ನು ವಿಶ್ವೇಶ್ವರಯ್ಯನವರು 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಪುಣೆಯ ಸೈನ್ಸ್ ಕಾಲೇಜಿಗೆ ಹೋದರು. ಅಲ್ಲಿಯ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಅವರು 1883ರಲ್ಲಿ ಮೊದಲಿಗರಾದರು. ಆ ಸ್ಥಾನದ ಬಲದಿಂದಲೇ ಬೊಂಬಾಯಿ ಸರ್ಕಾರ 1884ರಲ್ಲಿ ಅವರನ್ನು ಅಸಿಸ್ಟೆಂಟ್ ಎಂಜಿನಿಯರ್ ಆಗಿ ತೆಗೆದುಕೊಂಡಿತು. ಶಿಫಾರಸು ಹೇಳುವವರಿಲ್ಲದ ಮುದ್ದೇನಹಳ್ಳಿಯ ಹುಡುಗನಿಗೆ ಅಂಕಪಟ್ಟಿಗಿಂತ ದೊಡ್ಡ ಬಂಧು ಬೇರೆ ಯಾರಿದ್ದರು? ಪರೀಕ್ಷೆಯನ್ನು ಹಳಿಯುವವರು ಈ ಪಕ್ಷವನ್ನು ಮರೆಯಬಾರದು. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿಯೇ, 1891ರಲ್ಲಿ, ಮೈಸೂರು ಸಿವಿಲ್ ಸರ್ವಿಸಿಗೆ ಸ್ಪರ್ಧಾಪರೀಕ್ಷೆ ಏರ್ಪಟ್ಟಿತು. ಮುಂದೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರೂ ಈ ಸರ್ವಿಸಿಗೇ ಸೇರಿದರು.

ಆದರೆ ಕಣ್ಣಾರೆ ಮನುಷ್ಯನನ್ನು ಕಂಡ ಧಣಿ ಅಂಕಪಟ್ಟಿಯನ್ನು ಬದಿಗಿಟ್ಟ ನಿದರ್ಶನಗಳೂ ಅದೇ ಕಾಲದಲ್ಲಿವೆ. ಅರವಿಂದ ಘೋಷರು 1890ರಲ್ಲಿ ಐ.ಸಿ.ಎಸ್. ಪ್ರವೇಶಪರೀಕ್ಷೆಯಲ್ಲಿ ತೇರ್ಗಡೆಯಾಗಿ, 1892ರಲ್ಲಿ ಕುದುರೆ ಸವಾರಿಯ ಪರೀಕ್ಷೆಗೆ ಹಾಜರಾಗದೆ ಹುದ್ದೆಯನ್ನು ಕಳೆದುಕೊಂಡರು. ಕೇಂಬ್ರಿಜ್ಜಿನ ಟ್ರೈಪಾಸಿನ ಮೊದಲ ಭಾಗದಲ್ಲಿ ಮೊದಲ ದರ್ಜೆ ಬಂದಿದ್ದರೂ ಪದವಿಯನ್ನು ಅವರು ಪಡೆದಿರಲಿಲ್ಲ. ಲಂಡನ್ನಿನಲ್ಲಿದ್ದ ಬರೋಡದ ಸಯಾಜಿರಾವ್ ಮಹಾರಾಜರು ಅವರನ್ನು ಕರೆಸಿ ಮಾತನಾಡಿ ತಿಂಗಳಿಗೆ 200 ರೂಪಾಯಿ ಸಂಬಳಕ್ಕೆ ಗೊತ್ತುಮಾಡಿಕೊಂಡರು. ಐ.ಸಿ.ಎಸ್. ಯೋಗ್ಯತೆಯವನೊಬ್ಬ ಇಷ್ಟು ಅಗ್ಗಕ್ಕೆ ಸಿಕ್ಕಿದನೆಂದು ಮಹಾರಾಜರಿಗೆ ಸಂತೋಷವಾಯಿತಂತೆ. ವ್ಯಾಪಾರದ ಕಣ್ಣು ರಾಜರಿಗೂ ಇರುತ್ತದೆ.

ರಾಮಾನುಜನ್ನರ ಸಂಗತಿ ಇದಕ್ಕಿಂತ ಮಿಗಿಲಾದದ್ದು. ಗಣಿತವೊಂದರ ಹೊರತು ಬೇರೆ ಯಾವ ವಿಷಯಕ್ಕೂ ಮನಸ್ಸು ಕೊಡದ ಆ ತರುಣ ಕುಂಭಕೋಣದಲ್ಲಿ ವಿದ್ಯಾರ್ಥಿವೇತನ ಕಳೆದುಕೊಂಡರು, ಮದರಾಸಿನಲ್ಲಿ ಎಫ್.ಎ. ಪರೀಕ್ಷೆಯನ್ನು ದಾಟಲಾಗಲಿಲ್ಲ. ವಿಶ್ವವಿದ್ಯಾನಿಲಯದ ಲೆಕ್ಕದಲ್ಲಿ ಅವರು ಬರಿಯ ಮೆಟ್ರಿಕ್ಯುಲೇಷನ್. 1912ರ ಮಾರ್ಚಿಯಲ್ಲಿ ಮದರಾಸಿನ ಪೋರ್ಟ್ ಟ್ರಸ್ಟು ಅವರಿಗೆ 30 ರೂಪಾಯಿಯ ಗುಮಾಸ್ತೆಯ ಕೆಲಸ ಕೊಟ್ಟಿತು. ಅವರ ಅರ್ಜಿಯೊಡನೆ ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರಾಧ್ಯಾಪಕ ಮಿಡ್ಲ್‌ಮಾಸ್ಟರ ಶಿಫಾರಸು ಇತ್ತು. ಕಚೇರಿಯಲ್ಲಿ ನಾರಾಯಣ ಅಯ್ಯರ್ ಎಂಬ ಗಣಿತಜ್ಞ ಅಧಿಕಾರಿಗಳಿದ್ದರು. ಸ್ನಾತಕೋತ್ತರ ಪದವಿಯಿಲ್ಲದವರಿಗೆ ಸಂಶೋಧನ ವೇತನ ಕೊಡಕೂಡದೆಂದು ಮದರಾಸು ವಿಶ್ವವಿದ್ಯಾನಿಲಯದ ನಿಯಮವಿದ್ದರೂ, ಮರುವರ್ಷ ಅದೇ ವಿಶ್ವವಿದ್ಯಾನಿಲಯ ಅವರಿಗೆ ತಿಂಗಳಿಗೆ 75 ರೂಪಾಯಿ ಮಂಜೂರು ಮಾಡಿತು. 1918ರಲ್ಲಿ ಅವರು ರಾಯಲ್ ಸೊಸೈಟಿಯ ಫೆಲೋ ಆದರು. ಇಲ್ಲಿ ಕೆಲಸ ಮಾಡಿದ್ದು ಶಿಫಾರಸೇ ಎಂಬುದು ನಿಜ. ಆದರೆ ಅದು ಬಂಧುತ್ವದ ಶಿಫಾರಸಲ್ಲ, ವಿದ್ಯೆಯನ್ನು ಬಲ್ಲವರ ಶಿಫಾರಸು. ಈ ಎರಡನ್ನೂ ಬೇರ್ಪಡಿಸುವುದು ಹೇಗೆ ಎಂಬುದೇ ಕಷ್ಟ.

ಅದೇ 1918ರಲ್ಲಿ ಮೈಸೂರಿನಲ್ಲಿ ಈ ಪ್ರಶ್ನೆ ಒಬ್ಬ ವ್ಯಕ್ತಿಯದಾಗಿ ಉಳಿಯದೆ ಇಡೀ ಸಮಾಜದ್ದಾಯಿತು. ಇಂಗ್ಲಿಷ್ ಕಾಲೇಜುಗಳಿಗೆ ಮೊದಲು ಕಾಲಿಟ್ಟವರು ಬಹುಮಟ್ಟಿಗೆ ಬ್ರಾಹ್ಮಣರು. ಅಂಕಗಳಿಂದ ಆರಿಸಿದಾಗ ಕಚೇರಿಗಳು ಅವರಿಂದಲೇ ತುಂಬಿದವು. ಒಕ್ಕಲಿಗರು, ಲಿಂಗಾಯತರು, ಮುಸಲ್ಮಾನರು ಮೊದಲಾದವರ ಮುಖಂಡರು ನಾಲ್ವಡಿ ಕೃಷ್ಣರಾಜ ಒಡೆಯರಲ್ಲಿ ಮೊರೆಯಿಟ್ಟರು. ಮಹಾರಾಜರು ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶರಾದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ವಿದ್ಯೆಯನ್ನು ಎಲ್ಲರಿಗೂ ಹರಡೋಣ, ಆಯ್ಕೆಯ ಅಳತೆಗೋಲನ್ನು ಮಾತ್ರ ಸಡಿಲಿಸುವುದು ಬೇಡ ಎಂಬುದು ಅವರ ನಿಲುವು. ಆ ವರ್ಷದ ಕೊನೆಯಲ್ಲಿ ಅವರು ದಿವಾನಗಿರಿಯನ್ನು ಬಿಟ್ಟರು.

ಕಾರ್ಯದಕ್ಷತೆಯನ್ನು ಪಾಂಡಿತ್ಯದ ಯೋಗ್ಯತೆಯಿಂದಲೇ ಅಳೆಯಲಾಗದು. ಜನರ ಮೇಲಿನ ಅನುಕಂಪ, ಪ್ರಾಮಾಣಿಕತೆ, ಉತ್ಸಾಹ, ವ್ಯವಹಾರಜ್ಞಾನ ಇವೂ ಒಬ್ಬ ಅಧಿಕಾರಿಯನ್ನು ಸಮರ್ಥನನ್ನಾಗಿ ಮಾಡುತ್ತವೆ ಎಂಬುದು ಮಿಲ್ಲರ್ ಸಮಿತಿಯ ಅಭಿಪ್ರಾಯವಾಗಿತ್ತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟೂ ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲೂ ಹಿಂದುಳಿದ ಕೋಮುಗಳಿಗೆ ದೊರೆಯಬೇಕೆಂದು ಅದು ಸಲಹೆ ಮಾಡಿತು. 1921ರಲ್ಲಿ ಸರ್ಕಾರದ ಆಜ್ಞೆ ಹೊರಟಿತು. ಈ ವಿವಾದದಲ್ಲಿ ನನ್ನ ಮನಸ್ಸು ಸಮಿತಿಯ ಕಡೆಗೆ ವಾಲುತ್ತದೆ. ಓಟದ ಕೊನೆಯಲ್ಲಿ ಯಾರು ಎಲ್ಲಿದ್ದಾರೆಂಬುದನ್ನು ಅಂಕಪಟ್ಟಿ ಹೇಳುತ್ತದೆ. ಯಾರು ಎಲ್ಲಿಂದ ಹೊರಟರೆಂಬುದನ್ನು ಹೇಳುವುದಿಲ್ಲ. ಆದರೂ ವಿಶ್ವೇಶ್ವರಯ್ಯನವರ ಭಯ ಹುರುಳಿಲ್ಲದ್ದೆಂದು ನಾನು ಹೇಳಲಾರೆ. ಅನುಕಂಪ, ಪ್ರಾಮಾಣಿಕತೆಗಳನ್ನು ತೂಗುವ ತಕ್ಕಡಿ ಯಾರ ಕೈಯಲ್ಲಿರುತ್ತದೋ ಅವರ ನೆಂಟರಿಷ್ಟರಿಗೆ ಹಳೆಯ ಡೈರೆಕ್ಟರರ ಕಾಲ ಮತ್ತೆ ಬಂದೀತು.

ಮುಂದಿನ ಕಥೆ ಬೇಗ ಹೇಳಬಹುದಾದದ್ದು. ಪದವೀಧರರು ಹೆಚ್ಚಿ ಕೆಲಸಗಳು ಸಾಲದೆ ಹೋದಾಗ ಸಂಯುಕ್ತ ಪ್ರಾಂತದಲ್ಲಿ ಸರ್ ತೇಜ್ ಬಹಾದುರ್ ಸಪ್ರು ಅವರ ಸಮಿತಿ 1935ರಲ್ಲಿ ನಿರುದ್ಯೋಗದ ವರದಿಯನ್ನು ಕೊಟ್ಟಿತು. ಸ್ವಾತಂತ್ರ್ಯದ ತರುವಾಯ 1986ರ ರಾಷ್ಟ್ರೀಯ ಶಿಕ್ಷಣ ನೀತಿ ಆಯ್ದ ಕೆಲವು ಕ್ಷೇತ್ರಗಳಲ್ಲಿ ಪದವಿಗೂ ಉದ್ಯೋಗಕ್ಕೂ ಇರುವ ಗಂಟನ್ನು ಬಿಚ್ಚಬೇಕೆಂದಿತು, ಗಂಟು ಬಿಚ್ಚಲಿಲ್ಲ. ಕೇಂದ್ರ ಲೋಕಸೇವಾ ಆಯೋಗದ ಸಿವಿಲ್ ಸರ್ವಿಸ್ ಪರೀಕ್ಷೆಗೆ ಒಂದು ಪದವಿ ಇದ್ದರೆ ಸಾಕು, ದರ್ಜೆಯನ್ನು ಅದು ಕೇಳುವುದಿಲ್ಲ. ತಾನೇ ಪರೀಕ್ಷೆ ನಡೆಸುತ್ತದೆ. ಖಾಸಗಿ ಕಂಪೆನಿಗಳ ಪ್ರಕಟಣೆಗಳಲ್ಲಿ ಹತ್ತನೆಯ ತರಗತಿಯಿಂದ ಪದವಿಯವರೆಗೆ ಎಲ್ಲೆಲ್ಲಿಯೂ ಶೇಕಡ 60 ಇರಬೇಕೆಂಬ ಷರತ್ತು ಅನೇಕ ವೇಳೆ ಕಾಣುತ್ತದೆ. 60 ಬಂದವನು ಬಲ್ಲವನು, 59 ಬಂದವನು ಅರಿಯದವನು ಎಂದು ಅವರೇನೂ ನಂಬಿಲ್ಲ; ರಾಶಿಬಿದ್ದ ಅರ್ಜಿಗಳನ್ನು ಓದದೆ ಅರ್ಧಮಾಡಲು ಅವರಿಗೆ ಅದೊಂದು ಉಪಾಯ. ಹೀಗೆ ಗೆದ್ದು ಮೈಸೂರಿನ ಇನ್ಫೋಸಿಸ್ ತರಬೇತಿ ಕೇಂದ್ರಕ್ಕೆ ಬರುವ ಪದವೀಧರರಿಗೆ ಅಲ್ಲಿ ಮತ್ತೆ ಕೆಲವು ತಿಂಗಳು ಪಾಠ ನಡೆಯುತ್ತದೆ, ಮತ್ತೆ ಪರೀಕ್ಷೆಗಳಾಗುತ್ತವೆ. ಕಾಲೇಜಿನಿಂದ ತಂದ ಅಂಕಪಟ್ಟಿಯನ್ನು ಆ ವೇಳೆಗೆ ಯಾರೂ ಕೇಳುವುದಿಲ್ಲ.