ಹಳೆ ಬೈಕಿನ ಮೀಟರ್ ನಿಂತಿದೆಯೇ? ಎಣ್ಣೆ ಬಿಡುವ ಮುನ್ನ ಇದನ್ನು ಓದಿ

ಹಾಸನದಿಂದ ಹೊಳೆನರಸೀಪುರ, ಕೆ.ಆರ್. ನಗರ ದಾಟಿ ಹೋದರೆ ಮೈಸೂರು. ಐಡಿಯಲ್ ಜಾವಾ ಕಂಪನಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸಿದ್ದು ಅಲ್ಲಿಯೇ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಅಪ್ಪನ ಕಾಲದ ಯೆಜ್ಡಿಯನ್ನೋ ಬುಲೆಟ್ಟನ್ನೋ ಇಂದಿಗೂ ಜೋಪಾನವಾಗಿ ಇಟ್ಟುಕೊಂಡವರಿದ್ದಾರೆ. ಇಂಥ ಬೈಕುಗಳಲ್ಲಿ ಎಂಜಿನ್ ಒಂದೇ ಕಿಕ್ಕಿಗೆ ಏಳುತ್ತದೆ, ಮೀಟರಿನ ಮುಳ್ಳು ಮಾತ್ರ ಏಳುವುದಿಲ್ಲ.

ಆಗ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: "ಕೇಬಲ್ ಬಿಚ್ಚಿ ಮೀಟರ್ ಒಳಗೆ ನಾಲ್ಕು ಹನಿ ಎಣ್ಣೆ ಬಿಡಿ, ಸರಿಹೋಗುತ್ತೆ."

ಇದು ನಿಜವೇ? ಮುಳ್ಳು ಏಳಬಹುದು. ಆದರೆ ಅದು ತೋರಿಸುವ ವೇಗ ಸುಳ್ಳಾಗಬಹುದು. ಹೇಗೆಂದು ನೋಡೋಣ.

ಮೀಟರ್ ಒಳಗೆ ಏನಿದೆ?

ಬೈಕಿನ ಮುಂದಿನ ಚಕ್ರದಲ್ಲಿ (ಕೆಲವು ಮಾದರಿಗಳಲ್ಲಿ ಗೇರ್‌ಬಾಕ್ಸಿನಲ್ಲಿ) ಒಂದು ಪುಟ್ಟ ಪಿನಿಯನ್ ಇರುತ್ತದೆ. ಅದು ಕೇಬಲ್ಲಿನ ಒಳತಂತಿಯನ್ನು ತಿರುಗಿಸುತ್ತದೆ. ಆ ತಂತಿ ಮೀಟರ್ ಒಳಗಿನ ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತದ ಸುತ್ತ ಅಲ್ಯೂಮಿನಿಯಂ ಬಟ್ಟಲೊಂದಿದ್ದು, ಮುಳ್ಳು ಆ ಬಟ್ಟಲಿಗೆ ಅಂಟಿಕೊಂಡಿರುತ್ತದೆ. ಇವೆರಡೂ ಒಂದಕ್ಕೊಂದು ತಾಗುವುದಿಲ್ಲ.

ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲವಲ್ಲ, ಮತ್ತೆ ಮುಳ್ಳು ಏಳುವುದು ಹೇಗೆ? ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಸುಳಿಸುಳಿಯಾಗಿ ವಿದ್ಯುತ್ ಹರಿಯುತ್ತದೆ. ಅದು ಬಟ್ಟಲನ್ನು ಅಯಸ್ಕಾಂತ ತಿರುಗುವ ಕಡೆಗೇ ಎಳೆಯುತ್ತದೆ. ತೆಳುವಾದ ಸುರುಳಿ ಸ್ಪ್ರಿಂಗ್ ಒಂದು ಬಟ್ಟಲನ್ನು ಹಿಂದಕ್ಕೆ ಎಳೆಯುತ್ತದೆ. ಎರಡೂ ಎಳೆತಗಳು ಸಮವಾದ ಜಾಗದಲ್ಲಿ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಓಟ್ಟೊ ಶುಲ್ಜೆ 1902ರಲ್ಲಿ ಪೇಟೆಂಟ್ ಪಡೆದ ಉಪಾಯವಿದು. ಇದಕ್ಕೆ ಬ್ಯಾಟರಿ ಬೇಡ. ಬ್ಯಾಟರಿ ಬೇಕಾಗುವುದು ಮೀಟರಿನ ಬಲ್ಬಿಗೆ ಮಾತ್ರ. ಕಿಲೋಮೀಟರ್ ಅಂಕಿಗಳನ್ನು ಅದೇ ಕೇಬಲ್ ಸಣ್ಣ ಹಲ್ಲುಚಕ್ರಗಳ ಮೂಲಕ ತಿರುಗಿಸುತ್ತದೆ.

ಎಣ್ಣೆ ಬಿಟ್ಟರೆ ಏನಾಗುತ್ತದೆ?

ಅಯಸ್ಕಾಂತ ಮತ್ತು ಬಟ್ಟಲಿನ ನಡುವಿನ ಸಂದಿಗೆ ಎಣ್ಣೆ ಇಳಿದರೆ, ಅದರ ಜಿಗುಟೇ ಬಟ್ಟಲನ್ನು ಎಳೆಯತೊಡಗುತ್ತದೆ. ಆಗ ಮುಳ್ಳು ಇರುವುದಕ್ಕಿಂತ ಹೆಚ್ಚು ವೇಗ ತೋರಿಸುತ್ತದೆ. ದಿನ ಕಳೆದಂತೆ ಎಣ್ಣೆಗೆ ಧೂಳು ಸೇರಿ ಗಟ್ಟಿಯಾದರೆ ಮುಳ್ಳು ಎಲ್ಲೋ ಒಂದು ಕಡೆ ಕಚ್ಚಿಕೊಳ್ಳುತ್ತದೆ. ಸೀಮೆಎಣ್ಣೆ, ಪೆಟ್ರೋಲ್ ಬಿಟ್ಟರೆ ಡಯಲ್‌ನ ಬಣ್ಣ, ಅಂಕಿಗಳೂ ಅಳಿಸಿಹೋಗಬಹುದು.

ಕೆಟ್ಟಿರುವುದು ಎಲ್ಲಿ? ಮುಳ್ಳು ಮತ್ತು ಅಂಕಿ ಎರಡನ್ನೂ ನೋಡಿ

- ಮುಳ್ಳು, ಅಂಕಿ ಎರಡೂ ನಿಂತಿವೆ: ಹೆಚ್ಚಿನ ಸಲ ಮೀಟರ್ ಚೆನ್ನಾಗಿಯೇ ಇರುತ್ತದೆ. ಕೇಬಲ್ ತುಂಡಾಗಿರುತ್ತದೆ ಇಲ್ಲವೇ ಪಿನಿಯನ್ ಸವೆದಿರುತ್ತದೆ. ಮೀಟರ್ ಕಡೆಯ ತುದಿ ಬಿಚ್ಚಿ, ಮುಂದಿನ ಚಕ್ರ ಎತ್ತಿ ಕೈಯಿಂದ ತಿರುಗಿಸಿ. ಒಳತಂತಿ ತಿರುಗದಿದ್ದರೆ ದೋಷ ಕೆಳಗಿದೆ. (ಗೇರ್‌ಬಾಕ್ಸಿನಿಂದ ಕೇಬಲ್ ಬರುವ ಬೈಕಾದರೆ ಈ ಪರೀಕ್ಷೆಯನ್ನು ಮೆಕ್ಯಾನಿಕ್‌ಗೆ ಬಿಡಿ.)
- ಅಂಕಿ ಓಡುತ್ತಿದೆ, ಮುಳ್ಳು ಏಳುತ್ತಿಲ್ಲ: ಕೇಬಲ್ ಸರಿಯಿದೆ. ಮೀಟರ್ ಒಳಗಿನ ಬಟ್ಟಲು, ಸ್ಪ್ರಿಂಗ್ ಅಥವಾ ಮುಳ್ಳಿನಲ್ಲಿ ತೊಂದರೆ.
- ಮುಳ್ಳು ಏಳುತ್ತದೆ, ಅಂಕಿ ನಿಂತಿದೆ: ಅಂಕಿಚಕ್ರದ ಹಲ್ಲು ಮುರಿದಿರಬಹುದು ಅಥವಾ ಸವೆದಿರಬಹುದು.
- ಮುಳ್ಳು ನಡುಗುತ್ತದೆ: ಕೇಬಲ್ ಒಣಗಿದೆ ಅಥವಾ ಎಲ್ಲೋ ಮುರಿಬಾಗಿದೆ.
- ಕೀಚ್ ಎಂಬ ಸದ್ದು ಬರುತ್ತದೆ: ಕೇಬಲ್ ಅಥವಾ ಅಯಸ್ಕಾಂತದ ದಂಡ ಒಣಗಿದೆ. ಹಾಗೇ ಓಡಿಸಿದರೆ ದಂಡ ಕಚ್ಚಿಕೊಂಡು ಕೇಬಲ್ ತುಂಡಾಗುತ್ತದೆ.

ಮನೆಯಲ್ಲೇ ಮಾಡಬಹುದಾದದ್ದು

ಕೇಬಲ್ಲಿನ ಒಳತಂತಿ ಎಳೆದು, ಒರೆಸಿ, ತೆಳುವಾಗಿ ಗ್ರೀಸ್ ಸವರಿ. ಮೀಟರ್ ಕಡೆಯ ಒಂದು ಗೇಣು ಮಾತ್ರ ಒಣಗಿಯೇ ಇರಲಿ. ಏಕೆಂದರೆ ಸುರುಳಿ ಸುತ್ತಿದ ತಂತಿ ತಿರುಗುತ್ತಾ ಗ್ರೀಸನ್ನು ಮೇಲಕ್ಕೆ, ಮೀಟರ್ ಒಳಕ್ಕೇ ಸಾಗಿಸುತ್ತದೆ. ಹೊಸ ಕೇಬಲ್ ಕೊಳ್ಳುವಾಗ ಹಳೆಯದನ್ನು ಪಕ್ಕದಲ್ಲಿಟ್ಟು ಉದ್ದ ಮತ್ತು ತುದಿಗಳನ್ನು ಹೋಲಿಸಿ.

ಮೀಟರ್ ಬಿಚ್ಚುವ ಕೆಲಸವನ್ನು ಅನುಭವಿಗಳಿಗೆ ಬಿಡಿ. ಗಾಜಿನ ಸುತ್ತ ಮಡಿಸಿದ ತಗಡಿನ ಉಂಗುರವನ್ನು ಒರಟಾಗಿ ಎಬ್ಬಿಸಿದರೆ ಮತ್ತೆ ಕೂರುವುದಿಲ್ಲ. ಮಳೆಗಾಲದಲ್ಲಿ ಒಳಗೆ ನೀರು ಸೇರುತ್ತದೆ. ಮುಳ್ಳನ್ನು ಬೆರಳಿನಿಂದ ತಿರುಗಿಸಲೇಬೇಡಿ. ಆ ಸ್ಪ್ರಿಂಗ್ ಸೊಟ್ಟಗಾದರೆ ಲೆಕ್ಕವೇ ತಪ್ಪುತ್ತದೆ. ಅಯಸ್ಕಾಂತದ ದಂಡಕ್ಕೆ ಒಂದು ಹನಿ ತೆಳು ಎಣ್ಣೆ ಬೇಕಾಗುವುದು ನಿಜ. ಅದು ಬೀಳಬೇಕಾದದ್ದು ದಂಡಕ್ಕೆ ಮಾತ್ರ, ಬಟ್ಟಲಿಗಲ್ಲ.

"ಹಳೆ ಮೀಟರಿನಲ್ಲಿ ರೇಡಿಯಂ ಇದೆ, ಕ್ಯಾನ್ಸರ್ ಬರುತ್ತೆ"

ಇದರಲ್ಲಿ ಅರ್ಧ ಸತ್ಯವಿದೆ. ಕಳೆದ ಶತಮಾನದ ಮೊದಲರ್ಧದಲ್ಲಿ ಗಡಿಯಾರ, ವಿಮಾನದ ಮೀಟರುಗಳಿಗೆ ಕತ್ತಲಲ್ಲಿ ಹೊಳೆಯುವ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಯುದ್ಧಕಾಲದ ವಿದೇಶಿ ವಾಹನಗಳ ಕೆಲವು ಮೀಟರುಗಳಲ್ಲೂ ಅದು ಇರಬಹುದು. ಹೊಳಪು ಹೋದರೂ ವಿಕಿರಣ ಹೋಗುವುದಿಲ್ಲ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಅಂಥ ಡಯಲ್ ಕೆರೆಯಬೇಡಿ, ಅದರ ಪುಡಿ ಊದಬೇಡಿ. ಆದರೆ ರಾತ್ರಿ ಬಲ್ಬಿನಿಂದ ಬೆಳಗುವ ಮೀಟರುಗಳ ಮಾತೇ ಬೇರೆ. ನಂಬರ್ ಪ್ಲೇಟಿಗೆ ಅಂಟಿಸುವ 'ರೇಡಿಯಂ ಸ್ಟಿಕ್ಕರ್'ನಲ್ಲಂತೂ ರೇಡಿಯಂ ಇಲ್ಲವೇ ಇಲ್ಲ. ಅದು ಬೆಳಕನ್ನು ಪ್ರತಿಫಲಿಸುತ್ತದೆ, ಅಷ್ಟೆ.

ಮೀಟರ್ ನಿಜ ಹೇಳುತ್ತಿದೆಯೇ? ಪರೀಕ್ಷಿಸಿ

ನೋಡಲು ಒಂದೇ ಥರ ಇರುವ ಬೇರೆ ಮಾದರಿಯ ಮೀಟರ್ ಹಾಕಿದರೂ ಲೆಕ್ಕ ತಪ್ಪಬಹುದು. ಒಳಗಿನ ಹಲ್ಲುಗಳ ಲೆಕ್ಕ, ಚಕ್ರದ ಅಳತೆ ಬೈಕಿನಿಂದ ಬೈಕಿಗೆ ಬೇರೆ. ಆದ್ದರಿಂದ ರಿಪೇರಿ ಆದ ಮೇಲೆ ವಾಹನ ಕಡಿಮೆ ಇರುವ ರಸ್ತೆಯಲ್ಲಿ ಮುಳ್ಳನ್ನು 40ರಲ್ಲೇ ಇಟ್ಟು ಓಡಿಸಿ. ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿಗೆ ಎಷ್ಟು ಹೊತ್ತಾಯಿತೆಂದು ಹಿಂದೆ ಕೂತವರು ನೋಡಲಿ. 90 ಸೆಕೆಂಡ್ ಆದರೆ ಮೀಟರ್ ಸರಿ. 75 ಸೆಕೆಂಡ್ ಆದರೆ ನೀವು ಹೋಗುತ್ತಿರುವುದು 48ರಲ್ಲಿ. ಮೊಬೈಲಿನ ಜಿಪಿಎಸ್ ಆ್ಯಪ್‌ನಲ್ಲೂ ಇದನ್ನು ಹಿಂದೆ ಕೂತವರೇ ನೋಡಬಹುದು.

ಎಂಟು ಕಿಲೋಮೀಟರ್ ತಾನೇ ಎನ್ನಬೇಡಿ. 40ರ ಬದಲು 48ರಲ್ಲಿದ್ದರೆ ಬ್ರೇಕ್ ತಡೆಯಬೇಕಾದ ಚಲನಶಕ್ತಿ ಶೇ. 44ರಷ್ಟು ಹೆಚ್ಚು. ಚನ್ನರಾಯಪಟ್ಟಣದ ಬಳಿ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಹಳೆಯ ಡ್ರಮ್ ಬ್ರೇಕ್ ಹಿಡಿಯುವಾಗ ಆ ವ್ಯತ್ಯಾಸ ಗೊತ್ತಾಗುತ್ತದೆ. ವಾಹನಕ್ಕೆ ಸ್ಪೀಡೋಮೀಟರ್ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು, 1989 (ನಿಯಮ 117) ಕೂಡ ಹೇಳುತ್ತವೆ.

ಒಟ್ಟಿನಲ್ಲಿ

ಮೀಟರ್ ನಿಂತರೆ ಮೊದಲು ನೋಡಬೇಕಾದದ್ದು ಕೇಬಲ್. ಮೀಟರ್ ಒಳಗೆ ಎಣ್ಣೆ ಸುರಿಯುವುದು ರಿಪೇರಿಯಲ್ಲ. ನಿಂತ ಮೀಟರ್ ಕನಿಷ್ಠ ಕೆಟ್ಟಿದೆ ಎಂದಾದರೂ ಹೇಳುತ್ತದೆ. ಎಣ್ಣೆ ಕುಡಿದ ಮೀಟರ್ ಸುಳ್ಳು ಹೇಳುತ್ತದೆ. ಎಣ್ಣೆ ಬಿಡುವ ಸಲಹೆ ನಿಮ್ಮ ಗ್ರೂಪಿಗೆ ಬಂದರೆ ಈ ಮಾಹಿತಿಯನ್ನೂ ಜೊತೆಗೆ ಕಳಿಸಿ.